‘ನಾನು ಕೆಲಸಕ್ಕೆ ಹೋಗುವುದೇ ಇವರಿಗೆ ಕಾಯಿಲೆಯಾಗಿದೆಯಾ?’

ಪ್ರಶ್ನೆ: ನನಗೆ 38 ವರ್ಷ, ಯಜಮಾನರಿಗೆ 46. ತಿಪಟೂರಿನ ಹತ್ತಿರ ನಮ್ಮೂರು. ಇವರು ಸ್ವಂತ ಕ್ಯಾಂಟರ್ ಇಟ್ಟುಕೊಂಡು ಇಪ್ಪತ್ತು ವರ್ಷ ಕಾಯಿ, ಕೊಬ್ಬರಿ ಲೋಡು ಹೊಡೆದವರು. ಎಂಟು ತಿಂಗಳ ಹಿಂದೆ ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಬಿದ್ದುಹೋಯಿತು. ಈಗ ಕೋಲು ಹಿಡಿದು ನಡೆಯುತ್ತಾರೆ. ಮಾತು ಸರಿಯಾಗಿದೆ. ಎಡಗೈ ಮಾತ್ರ ಹಿಡಿತಕ್ಕೆ ಬಂದಿಲ್ಲ. ಗಾಡಿ ಮನೆ ಮುಂದೆ ನಿಂತಿದೆ, ಕಂತು ಬಾಕಿಯಿದೆ. ನಾಲ್ಕು ತಿಂಗಳಿಂದ ನಾನು ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದೇನೆ.

ಅವತ್ತಿನಿಂದ ಇವರು ಮೊದಲಿನ ಮನುಷ್ಯರಲ್ಲ. ಗಡ್ಡ ತೆಗೆಸುವುದಿಲ್ಲ. ಯಾರಾದರೂ ಬಂದರೆ ಒಳಗೆ ಹೋಗಿ ಮಲಗುತ್ತಾರೆ. ಬೆಳಿಗ್ಗೆ ನಾನು ಊಟದ ಡಬ್ಬಿ ಕಟ್ಟುವಾಗ ಗೋಡೆ ಕಡೆ ತಿರುಗಿಕೊಳ್ಳುತ್ತಾರೆ. ಸಣ್ಣದಕ್ಕೆಲ್ಲ ರೇಗುತ್ತಾರೆ, ಒಂದು ದಿನ ತಟ್ಟೆ ಎಸೆದರು. ಟಿವಿಯಲ್ಲಿ ಏನೋ ನೋಡಿ ಮಗುವಿನ ಥರ ಅತ್ತರು. ಫಿಸಿಯೋ ಬಿಟ್ಟಿದ್ದಾರೆ. ಮೊನ್ನೆ, ‘ನಾನು ಹೋದ್ರೆ ಇನ್ಶೂರೆನ್ಸ್ ದುಡ್ಡಾದ್ರೂ ಬರುತ್ತೆ’ ಅಂದರು. ‘ಗಂಡ ಮಲಗಿರುವಾಗ ಹೆಂಡ್ತಿ ಬ್ಯಾಗ್ ಹಾಕ್ಕೊಂಡು ಹೊರಟ್ರೆ ಯಾವ ಗಂಡಸಿಗೆ ತಡ್ಕೊಳ್ಳೋಕಾಗುತ್ತೆ’ ಅನ್ನುತ್ತಾರೆ ಅತ್ತೆ. ಮಗ ಸೆಕೆಂಡ್ ಪಿಯುಸಿ, ಕಾಲೇಜು ಬಿಟ್ಟು ಗಾಡಿ ಓಡಿಸುತ್ತೇನೆ ಅನ್ನುತ್ತಿದ್ದಾನೆ. ಮಗಳು ಎಂಟನೇ ಕ್ಲಾಸು, ಸಂಜೆ ಅಡುಗೆ ಅವಳದೇ. ನಾವಿಬ್ಬರೂ ಗಂಡ ಹೆಂಡತಿಯಾಗಿ ಇದ್ದು ಎಂಟು ತಿಂಗಳಾಯಿತು. ಮತ್ತೆ ಸ್ಟ್ರೋಕ್ ಆಗಿಬಿಟ್ಟರೆ ಅನ್ನುವ ಭಯ. ನಾನು ಕೆಲಸಕ್ಕೆ ಹೋಗುವುದೇ ಇವರಿಗೆ ಕಾಯಿಲೆಯಾಗಿದೆಯಾ? ಬಿಟ್ಟುಬಿಡಲಾ? ಗಾಡಿ ಮಾರಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಕೊನೆಯಲ್ಲಿವೆ. ಆದರೆ ನಾನು ಮೊದಲು ನಿಂತಿದ್ದು ನಡುವಿನ ಒಂದು ಸಾಲಿನ ಮೇಲೆ. ‘ನಾನು ಹೋದ್ರೆ ಇನ್ಶೂರೆನ್ಸ್ ದುಡ್ಡಾದ್ರೂ ಬರುತ್ತೆ.’ ಅಲ್ಲಿಂದಲೇ ಶುರು ಮಾಡುತ್ತೇನೆ. ಉಳಿದದ್ದಕ್ಕೆ ನಾಲ್ಕು ದಿನ ತಡವಾದರೂ ನಡೆಯುತ್ತದೆ, ಇದಕ್ಕೆ ಆಗುವುದಿಲ್ಲ.

ಈ ಮಾತನ್ನು ಬೇಜಾರಿಗೆ ಅಂದದ್ದು ಎಂದು ಬಿಡಬೇಡಿ. ಸ್ಟ್ರೋಕ್ ಆದವರು ಮತ್ತು ಅವರ ಮನೆಯವರ ಜತೆ ಕೆಲಸ ಮಾಡುತ್ತಾ ನನಗೆ 19 ವರ್ಷವಾಯಿತು. ದುಡಿದು ಮನೆ ನಡೆಸಿದ ಗಂಡಸರು ಸಾವಿನ ಯೋಚನೆಯನ್ನು ಹೇಳುವುದೇ ಹೀಗೆ, ಲೆಕ್ಕದ ರೂಪದಲ್ಲಿ. ‘ಸಾಯಬೇಕು ಅನ್ನಿಸುತ್ತೆ’ ಅನ್ನುವುದಿಲ್ಲ. ‘ನಾನಿಲ್ಲದಿದ್ರೆ ಇಷ್ಟು ಉಳಿಯುತ್ತೆ’ ಅನ್ನುತ್ತಾರೆ. 2022ರಲ್ಲಿ ದೇಶದಲ್ಲಿ ದಾಖಲಾದ ಆತ್ಮಹತ್ಯೆಗಳು 1,70,924. ಅದರಲ್ಲಿ ಹತ್ತಿರಹತ್ತಿರ ಮುಕ್ಕಾಲು ಪಾಲು ಗಂಡಸರು. ಕಾರಣಗಳ ಪಟ್ಟಿಯಲ್ಲಿ ಕುಟುಂಬದ ಸಮಸ್ಯೆ ಮೊದಲು, ಕಾಯಿಲೆ ಎರಡನೆಯದು. ನಿಮ್ಮ ಮನೆಯಲ್ಲಿ ಈಗ ಎರಡೂ ಒಟ್ಟಿಗೆ ಬಂದಿವೆ.

ಹಾಗಾಗಿ ಇವತ್ತೇ, ಮಕ್ಕಳು ಇಲ್ಲದ ಹೊತ್ತಿನಲ್ಲಿ ನೇರವಾಗಿ ಕೇಳಿ: ‘ಸಾಯೋ ಯೋಚನೆ ಬರ್ತಾ ಇದೆಯಾ? ಹೇಗೆ ಅಂತಾನೂ ಯೋಚನೆ ಮಾಡಿದ್ದೀರಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಎಂದು ತುಂಬ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದಾಗ ಹೆಚ್ಚಿನವರು ಉಸಿರು ಬಿಟ್ಟು ಅಳುತ್ತಾರೆ, ಅಷ್ಟರಲ್ಲೇ ಅರ್ಧ ಭಾರ ಇಳಿಯುತ್ತದೆ. ತೋಟಕ್ಕೆ ತಂದ ಕೀಟನಾಶಕ ಮನೆಯಲ್ಲಿದ್ದರೆ ಬೇರೆಯವರ ಮನೆಗೆ ಸಾಗಿಸಿ. ಮಾತ್ರೆಗಳ ಡಬ್ಬಿ ನಿಮ್ಮ ಹತ್ತಿರ ಇರಲಿ, ದಿನದ್ದು ದಿನಕ್ಕೆ ಕೊಡಿ. 14416 ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅವರು ಮಾತಾಡಲು ಒಪ್ಪದಿದ್ದರೆ ನೀವೇ ಮಾಡಿ. ಹೇಗೆ ಅನ್ನುವುದನ್ನೂ ಯೋಚಿಸಿಟ್ಟಿದ್ದಾರೆ ಎಂದು ಗೊತ್ತಾದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ನೀವು ಕೆಲಸಕ್ಕೆ ಹೋಗುವುದರಿಂದಲೇ ಅವರು ಹೀಗಾದರಾ? ಅತ್ತೆ ಹಾಗಂದರು, ನೀವೂ ಒಳಗೊಳಗೇ ನಂಬಿದ್ದೀರಿ. ನಾನು ನಂಬುವುದಿಲ್ಲ. ನೀವು ಬರೆದ ಲಕ್ಷಣಗಳಲ್ಲಿ ಹೆಚ್ಚಿನವು ನಿಮ್ಮ ಬ್ಯಾಗಿನಿಂದ ಬಂದವಲ್ಲ, ಸ್ಟ್ರೋಕ್‌ನಿಂದ ಬಂದವು. ಅದನ್ನು ಮೊದಲು ಬೇರೆ ಮಾಡಿ ನೋಡೋಣ.

ಎಡಭಾಗ ಬಿದ್ದಿದೆ ಅಂದರೆ ಪೆಟ್ಟಾಗಿರುವುದು ಮಿದುಳಿನ ಬಲಭಾಗಕ್ಕೆ. ಕೈಕಾಲಿನ ಪೆಟ್ಟು ಕಣ್ಣಿಗೆ ಕಾಣುತ್ತದೆ. ಮಿದುಳಿಗೆ ಆದದ್ದು ಕಾಣುವುದಿಲ್ಲ, ಅದು ಸ್ವಭಾವದ ಹಾಗೆ ಕಾಣುತ್ತದೆ. ಸ್ಟ್ರೋಕ್ ಆದ ಮೂವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಬರುತ್ತದೆ. ಇದು ಬರೀ ಕೊರಗಲ್ಲ. ಮಿದುಳಿಗೆ ಆದ ಹಾನಿಯೂ ಬದುಕಿಗೆ ಬಿದ್ದ ಹೊಡೆತವೂ ಸೇರಿ ಬರುವ ಕಾಯಿಲೆ. ಗಂಡಸರಲ್ಲಿ ಅದು ಎಷ್ಟೋ ಸಲ ಅಳುವಾಗಿ ಬರುವುದಿಲ್ಲ, ರೇಗಾಟವಾಗಿ ಬರುತ್ತದೆ. ಮನೆಯವರು ‘ಕೋಪ ಜಾಸ್ತಿಯಾಗಿದೆ’ ಅನ್ನುತ್ತಾರೆ, ಖಿನ್ನತೆ ಅನ್ನುವುದು ಯಾರ ತಲೆಗೂ ಹೊಳೆಯುವುದಿಲ್ಲ.

ಟಿವಿ ನೋಡಿ ಅತ್ತದ್ದು ಬೇರೆಯೇ ಇರಬಹುದು. ಅಳು, ನಗು ಹಿಡಿದಿಡುವ ವ್ಯವಸ್ಥೆಗೇ ಪೆಟ್ಟಾದಾಗ ಒಳಗೆ ಅಷ್ಟು ದುಃಖವಿಲ್ಲದಿದ್ದರೂ ಅಳು ನುಗ್ಗಿ ಬರುತ್ತದೆ. ಎಲ್ಲರೆದುರು ಹಾಗೆ ಅತ್ತ ಗಂಡಸು ಮುಂದಿನ ಸಲ ನೆಂಟರು ಬಂದಾಗ ಒಳಗೆ ಹೋಗಿ ಮಲಗುತ್ತಾನೆ. ಇದು ಮಿದುಳಿನ ತೊಂದರೆ, ಅಳುಬುರುಕತನವಲ್ಲ ಎಂದು ಒಬ್ಬ ಡಾಕ್ಟರ ಬಾಯಿಂದ ಅವರಿಗೆ ಕೇಳಿಸಿ. ಇದಕ್ಕೂ ಔಷಧಿಯಿದೆ.

ಸುಮ್ನೆ ಕೂತೇ ಇರುವುದಕ್ಕೂ ಎರಡು ಮೂರು ಕಾರಣಗಳಿರುತ್ತವೆ. ಒಂದು, ಸ್ಟ್ರೋಕ್ ನಂತರದ ಸುಸ್ತು. ಸ್ನಾನ ಮಾಡಿ ಅಂಗಿ ಹಾಕಿಕೊಳ್ಳುವಷ್ಟರಲ್ಲಿ ಇಡೀ ದಿನ ಗಾಡಿ ಓಡಿಸಿದಷ್ಟು ದಣಿವು. ಇನ್ನೊಂದು, ಕೆಲಸ ಶುರು ಮಾಡುವ ಉಮೇದೇ ಬತ್ತಿಹೋಗುವುದು. ಸೋಮಾರಿತನ ಎಂದು ಬೈದರೆ ಇವು ಹೋಗುವುದಿಲ್ಲ. ಭುಜದ ನೋವನ್ನೂ ಕೇಳಿ ನೋಡಿ. ಬಿದ್ದ ಕೈಯ ಭುಜ ತುಂಬ ಜನರಿಗೆ ರಾತ್ರಿಯಿಡೀ ನೋಯುತ್ತದೆ, ಫಿಸಿಯೋ ಬಿಡುವುದಕ್ಕೆ ಅದೂ ಒಂದು ಕಾರಣ. ‘ನೋವಾಗುತ್ತೆ’ ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸವೇ ನಮ್ಮ ಗಂಡಸರಿಗಿಲ್ಲ.

ಇನ್ನೊಂದನ್ನು ನೀವೇ ಮನೆಯಲ್ಲಿ ಗಮನಿಸಿ. ಊಟವಾದ ಮೇಲೆ ತಟ್ಟೆಯ ಎಡಗಡೆ ಬಡಿಸಿದ್ದು ಹಾಗೇ ಉಳಿಯುತ್ತದಾ? ಒಬ್ಬರು ಹೀಗೇ ‘ಪಲ್ಯ ಬಡಿಸಲೇ ಇಲ್ಲ, ಸಂಪಾದನೆ ನಿಂತ ಮೇಲೆ ನನಗೆ ಮರ್ಯಾದೆ ಇಲ್ಲ’ ಎಂದು ಹೆಂಡತಿಯ ಜತೆ ದಿನಾ ಜಗಳವಾಡುತ್ತಿದ್ದರು. ಪಲ್ಯ ತಟ್ಟೆಯ ಎಡಗಡೆ ಇತ್ತು. ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಎಡಗಡೆಯ ಲೋಕ ಗಮನಕ್ಕೇ ಬರುವುದಿಲ್ಲ. ಕಣ್ಣು ಸರಿಯಿದ್ದರೂ ಹೀಗಾಗುತ್ತದೆ. ಆ ಮನೆಯಲ್ಲಿ ತಟ್ಟೆ ತಿರುಗಿಸಿಟ್ಟ ದಿನ ಜಗಳ ಅರ್ಧ ಕಡಿಮೆಯಾಯಿತು. ಈ ತೊಂದರೆ ಇದೆಯೋ ಇಲ್ಲವೋ ಅನ್ನುವುದು ಗಾಡಿಯ ವಿಷಯಕ್ಕೂ ಮುಖ್ಯ, ಆಮೇಲೆ ಬರುತ್ತೇನೆ.

ಇದಕ್ಕೆಲ್ಲ ಎಲ್ಲಿಗೆ ಹೋಗಬೇಕು? ಬಹಳಷ್ಟು ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ‘ಮನೋಚೈತನ್ಯ’ ಕ್ಲಿನಿಕ್ ನಡೆಯುತ್ತದೆ, ಮನೋವೈದ್ಯರು ಅಲ್ಲಿಗೇ ಬರುತ್ತಾರೆ. ‘ಹುಚ್ಚು ಡಾಕ್ಟರ ಹತ್ರ ಬರಲ್ಲ’ ಎಂದರೆ, ‘ಸ್ಟ್ರೋಕ್ ಆದವರಿಗೆಲ್ಲ ಈ ತಪಾಸಣೆ ಮಾಡಿಸಬೇಕಂತೆ’ ಅನ್ನಿ. ಸುಳ್ಳಲ್ಲ, ನಿಜವಾಗಿಯೂ ಮಾಡಿಸಬೇಕಾದದ್ದೇ. ಖಿನ್ನತೆಯ ಮಾತ್ರೆ ಶುರುವಾದರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಅದು ನಿದ್ದೆ ಮಾತ್ರೆಯಲ್ಲ, ಚಟವೂ ಆಗುವುದಿಲ್ಲ. ಆದರೆ ರಕ್ತ ಹೆಪ್ಪುಗಟ್ಟದಿರಲು ಕೊಟ್ಟ ಮಾತ್ರೆಗಳ ಜತೆ ಸೇರಿದಾಗ ರಕ್ತಸ್ರಾವದ ಅಪಾಯ ಸ್ವಲ್ಪ ಹೆಚ್ಚಬಹುದು. ಹಾಗಾಗಿ ಈಗ ತಿನ್ನುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನೂ ತಪ್ಪದೆ ತೋರಿಸಿ.

ನಾಟಿ ಔಷಧಿಯ ಬಗ್ಗೆ ನೀವು ಏನೂ ಬರೆದಿಲ್ಲ. ಆದರೂ ಒಂದು ಮಾತು, ಯಾಕೆಂದರೆ ಲಕ್ವ ಅಂದ ಕೂಡಲೇ ಯಾರಾದರೊಬ್ಬರು ಪಾರಿವಾಳದ ರಕ್ತ ಹಚ್ಚಿ, ಇಂಥ ಊರಿನ ಎಣ್ಣೆ ತನ್ನಿ ಎಂದು ಹೇಳೇ ಹೇಳುತ್ತಾರೆ. ಪಾರಿವಾಳದ ರಕ್ತದಿಂದ ಏನೂ ಆಗುವುದಿಲ್ಲ. ಎಣ್ಣೆ ಮೆತ್ತಗೆ ಸವರಿದರೆ ತೊಂದರೆಯಿಲ್ಲ, ಬಿದ್ದ ಕೈಯನ್ನು ಜಗ್ಗಿ ತಿಕ್ಕಿದರೆ ಭುಜ ಕೆಡುತ್ತದೆ. ನಿಜವಾದ ಅಪಾಯ ಇರುವುದು, ಅದನ್ನು ನಂಬಿ ಬಿಪಿ ಮಾತ್ರೆ ನಿಲ್ಲಿಸುವುದರಲ್ಲಿ. ಎರಡನೇ ಸ್ಟ್ರೋಕ್ ಬರಲು ಇದೂ ಒಂದು ದೊಡ್ಡ ಕಾರಣ.

ಸರಿ, ಕಾಯಿಲೆಯ ಪಾಲು ಇಷ್ಟು. ಹಾಗಾದರೆ ಗಂಡಸುತನದ ನೋವು ಇಲ್ಲವೇ ಇಲ್ಲವಾ? ಇದೆ. ಅದನ್ನು ಹಗುರ ಮಾಡುವುದಿಲ್ಲ.

ಯಜಮಾನ ಅನ್ನುವ ಮಾತನ್ನೇ ನೋಡಿ. ಗಂಡನಿಗೂ ಅದೇ ಪದ, ಮನೆಯ ಹಿರಿಯನಿಗೂ ಅದೇ, ಲಾರಿ ಮಾಲೀಕನಿಗೂ ಅದೇ. ನಿಮ್ಮವರು ಈ ಮೂರೂ ಆಗಿದ್ದವರು. ಒಂದೇ ಬೆಳಿಗ್ಗೆ ಮೂರಕ್ಕೂ ಏಟು ಬಿತ್ತು. ನಮ್ಮ ಕಡೆ ಗಂಡುಮಕ್ಕಳಿಗೆ ಮೀಸೆ ಮೂಡುವ ಮೊದಲೇ ಹೇಳಿಕೊಡುವುದು ‘ಉದ್ಯೋಗಂ ಪುರುಷಲಕ್ಷಣಂ’ ಎಂದು. ಉದ್ಯೋಗ ಎಂದರೆ ಸಂಬಳದ ಕೆಲಸ ಎಂದು ನಾವು ಇವತ್ತು ತಿಳಿಯುತ್ತೇವೆ. ಹಳೆಯ ಅರ್ಥ ಬೇರೆ. ಸಂಸ್ಕೃತದಲ್ಲಿ ಉದ್ಯೋಗ ಅಂದರೆ ಪ್ರಯತ್ನ, ಮುಂದಾಗುವುದು. ಮಹಾಭಾರತದ ಉದ್ಯೋಗಪರ್ವ ಅಂದರೆ ಯುದ್ಧಕ್ಕೆ ಸಿದ್ಧತೆ ನಡೆಸಿದ ಪರ್ವ. ಈ ಅರ್ಥವನ್ನು ನಾನು ನಮ್ಮ ರೋಗಿಗಳಿಗೂ ಹೇಳುತ್ತೇನೆ. ಮೂರು ಬೆರಳು ಅಲ್ಲಾಡಿಸಲು ಹಣೆಯಲ್ಲಿ ಬೆವರು ಬರುವಷ್ಟು ಪ್ರಯತ್ನ ಮಾಡುವವರು ಯಾವ ಲೆಕ್ಕದಲ್ಲಿ ಉದ್ಯೋಗವಿಲ್ಲದವರು?

ಆದರೆ ಮಾತಿನಿಂದ ಹೊಟ್ಟೆ ತುಂಬುವುದಿಲ್ಲ, ಮರ್ಯಾದೆಯೂ ತುಂಬುವುದಿಲ್ಲ. ಅದಕ್ಕೇ ಗಡ್ಡದ ವಿಷಯಕ್ಕೆ ಬರುತ್ತೇನೆ.

ನೀವು ‘ಗಡ್ಡ ತೆಗೆಸುವುದಿಲ್ಲ’ ಎಂದು ಬರೆದಿದ್ದೀರಿ. ಅದು ಖಿನ್ನತೆಯ ಲಕ್ಷಣ ಇರಬಹುದು. ಇನ್ನೊಂದೂ ಇರಬಹುದು. ಕೆಲವು ವರ್ಷಗಳ ಹಿಂದೆ ಒಬ್ಬರು, ಅವರೂ ಡ್ರೈವರ್, ಆರು ತಿಂಗಳು ಕಟಿಂಗ್ ಮಾಡಿಸಿರಲಿಲ್ಲ. ಎಷ್ಟು ಕೇಳಿದರೂ ‘ಬೇಜಾರು’ ಅಷ್ಟೇ. ಒಂದು ದಿನ ಅಂಗಿಯ ಗುಂಡಿ ಹಾಕುವ ಅಭ್ಯಾಸ ಮಾಡಿಸುತ್ತಿದ್ದಾಗ, ಒಂದೇ ಕೈಯಲ್ಲಿ ಮೂರನೇ ಗುಂಡಿ ಹಾಕುತ್ತಾ ತಲೆ ಎತ್ತದೆ ಹೇಳಿದರು: ‘ಕಟಿಂಗ್‌ಗೆ ಅವಳ ಹತ್ರ ದುಡ್ಡು ಕೇಳ್ಬೇಕಲ್ವಾ ಸಾರ್.’ ಹೆಂಡತಿ ಯಾವತ್ತೂ ಇಲ್ಲ ಅಂದವರಲ್ಲ. ಕೇಳಿದರೆ ನೂರಲ್ಲ, ಇನ್ನೂರು ಕೊಡುವವರು. ಆದರೆ ಅವರಿಗೆ ಕೇಳಲಾಗಲಿಲ್ಲ, ಅಷ್ಟೇ. ಇಪ್ಪತ್ತು ವರ್ಷ ಮನೆಯವರು ಅವರ ಹತ್ತಿರ ಕೇಳಿದ್ದರು. ಕೈ ಚಾಚುವ ಜಾಗ ಬದಲಾಗಿತ್ತು.

ಅದಕ್ಕೆ ನಾವು ಮಾಡಿದ ಉಪಾಯ ಸಣ್ಣದು. ಸಂಬಳ ಬಂದ ದಿನ ಗಂಡ ಹೆಂಡತಿ ಇಬ್ಬರೂ ಕೂತು ಲೆಕ್ಕ ಬರೆಯುವುದು. ಬಾಡಿಗೆ, ಸಂಘದ ಕಂತು, ರೇಷನ್, ಮಾತ್ರೆ ಎಂದು ಬರೆಯುವಾಗ ಅದೇ ಸಾಲಿನಲ್ಲಿ ‘ಇವರ ಕೈಖರ್ಚು’, ‘ಇವಳ ಕೈಖರ್ಚು’ ಎಂದು ಎರಡು ಬಾಬತ್ತು. ಎರಡೂ ಒಂದೇ ಮೊತ್ತ. ಅದಕ್ಕೆ ಯಾರೂ ಲೆಕ್ಕ ಕೇಳುವಂತಿಲ್ಲ. ಮುಂದಿನ ವಾರ ಬರುವಾಗ ಗಡ್ಡ ತೆಗೆಸಿಕೊಂಡು ಬಂದಿದ್ದರು. ನಿಮ್ಮ ಮನೆಯಲ್ಲೂ ಇದೇ ಕಾರಣ ಎಂದು ಹೇಳಲಾರೆ. ಆದರೆ ನಾಲ್ಕು ತಿಂಗಳಿಂದ ಅವರ ಜೇಬಿನಲ್ಲಿ ಎಷ್ಟು ದುಡ್ಡಿದೆ ಎಂದು ಒಮ್ಮೆ ಯೋಚನೆ ಮಾಡಿ.

‘ನೀವು ಸುಮ್ನೆ ಮಲಗಿರಿ, ನಾನಿದ್ದೀನಲ್ಲ’ ಅನ್ನುವ ಮಾತನ್ನೂ ಕಡಿಮೆ ಮಾಡಿ. ಪ್ರೀತಿಯಿಂದ ಹೇಳುತ್ತೀರಿ, ಅವರ ಕಿವಿಗೆ ‘ನೀವು ಬೇಕಾಗಿಲ್ಲ’ ಎಂದು ಬೀಳುತ್ತದೆ. ಸ್ಟ್ರೋಕ್ ಆದವರಿಗೆ ವಿಶ್ರಾಂತಿಯೇ ಔಷಧಿ ಅನ್ನುವುದು ತಪ್ಪು ತಿಳಿವಳಿಕೆ. ಮೊದಲ ಮೂರರಿಂದ ಆರು ತಿಂಗಳಲ್ಲಿ ಚೇತರಿಕೆ ಜೋರಾಗಿರುತ್ತದೆ, ನಿಜ. ಆಮೇಲೆ ಬಾಗಿಲು ಮುಚ್ಚುವುದಿಲ್ಲ, ನಿಧಾನವಾಗುತ್ತದೆ ಅಷ್ಟೇ. ಎಂಟನೇ ತಿಂಗಳಲ್ಲಿ ಫಿಸಿಯೋ ಬಿಡುವುದು ನಷ್ಟ. ಮನೆಯ ದಿನನಿತ್ಯದ ಕೆಲಸವೂ ಕೈಗೆ ವ್ಯಾಯಾಮವೇ. ಎಡಗೈಯಲ್ಲಿ ಡಬ್ಬಿ ಒತ್ತಿ ಹಿಡಿದು ಬಲಗೈಯಲ್ಲಿ ಮುಚ್ಚಳ ತೆಗೆಯುವುದು, ಬಟ್ಟೆ ಮಡಿಸುವುದು, ಹಿಟ್ಟು ನಾದುವುದು, ಇವನ್ನೆಲ್ಲ ನಮ್ಮ ವಿಭಾಗದಲ್ಲಿ ಚಿಕಿತ್ಸೆ ಎಂದೇ ಮಾಡಿಸುತ್ತೇವೆ.

ಅತ್ತೆ ಒಪ್ಪುತ್ತಾರಾ? ಮೊದಲ ದಿನವೇ ಸೌಟು ಹಿಡಿಸಿದರೆ ಒಪ್ಪುವುದಿಲ್ಲ, ನಿಮ್ಮ ಯಜಮಾನರೂ ಒಪ್ಪುವುದಿಲ್ಲ. ಅವರು ತಮ್ಮದು ಎಂದುಕೊಂಡ ಕೆಲಸದಿಂದ ಶುರುವಾಗಲಿ. ಕರೆಂಟ್ ಬಿಲ್ಲು, ಬ್ಯಾಂಕು, ರೇಷನ್, ಗಾಡಿಯ ಕಾಗದಪತ್ರ, ಮನೆಯ ಲೆಕ್ಕದ ಪುಸ್ತಕ. ಮಾತು ಚೆನ್ನಾಗಿದೆ, ಬಲಗೈ ಓಡುತ್ತದೆ, ಫೋನಿದೆ. ಆದರೆ ಕೊಟ್ಟ ಕೆಲಸ ನಿಜವಾದದ್ದಾಗಿರಬೇಕು. ಅವರು ಮರೆತರೆ ನಿಜಕ್ಕೂ ತೊಂದರೆಯಾಗುವಂಥದ್ದು. ಸಮಾಧಾನಕ್ಕೆ ಕೊಟ್ಟ ಕೆಲಸ ಯಾವುದು ಎಂದು ಅವರಿಗೆ ತಕ್ಷಣ ಗೊತ್ತಾಗುತ್ತದೆ. ಒಮ್ಮೆ ತಪ್ಪಾಗಲಿ ಬಿಡಿ, ಹಿಂದಿನಿಂದ ಹೋಗಿ ನೀವೇ ಸರಿ ಮಾಡಬೇಡಿ.

ಅಡುಗೆಮನೆಯೂ ನಿಧಾನಕ್ಕೆ ಬರಬೇಕು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನೀವು ಮಗನ ಕಾಲೇಜಿನ ಬಗ್ಗೆ ಚಿಂತೆಯಿಂದ ಬರೆದಿರಿ, ಮಗಳ ಅಡುಗೆಯನ್ನು ಹಾಗೇ ಹೇಳಿಕೊಂಡು ಹೋದಿರಿ. ಗಂಡಸು ಮಲಗಿದ ಮನೆಯಲ್ಲಿ ಹೆಂಡತಿ ಹೊರಗೆ ಹೋದರೆ ಅವಳ ಒಳಗಿನ ಕೆಲಸ ಗಂಡನಿಗೆ ಬರುವುದಿಲ್ಲ, ಮಗಳಿಗೆ ಬರುತ್ತದೆ. ನಾನು ಇದನ್ನು ಲೆಕ್ಕವಿಲ್ಲದಷ್ಟು ಮನೆಗಳಲ್ಲಿ ನೋಡಿದ್ದೇನೆ, ಪ್ರತಿ ಸಲವೂ ಸಂಕಟವಾಗುತ್ತದೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಮಾಡುವ ಗಂಡಸರು 88 ನಿಮಿಷ. ನಿಮ್ಮ 289 ನಿಮಿಷ ಎಲ್ಲೂ ಹೋಗಿಲ್ಲ, ಎಂಟನೇ ಕ್ಲಾಸಿನ ಹುಡುಗಿಯ ತಲೆ ಮೇಲೆ ಕೂತಿದೆ. ಕುಕ್ಕರಿಗೆ ಅನ್ನ ಇಡುವುದು ಒಂದು ಕೈ ಇದ್ದರೂ ಆಗುವ ಕೆಲಸ. ತರಕಾರಿ ಜಾರದ ಹಾಗೆ ಮಣೆಗೆ ಎರಡು ಮೊಳೆ ಹೊಡೆದುಕೊಟ್ಟರೆ ಒಂದೇ ಕೈಯಲ್ಲಿ ಹೆಚ್ಚಬಹುದು. ಅಪ್ಪ ಮಗಳು ಸೇರಿ ಶುರು ಮಾಡಲಿ. ಮಗಳು ಕೇಳಿದರೆ ಎಷ್ಟೋ ಅಪ್ಪಂದಿರು ಇಲ್ಲ ಅನ್ನುವುದಿಲ್ಲ.

ನೀವು ಕೆಲಸ ಬಿಡಬೇಕಾ? ಬೇಡ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ನೀವು ಬಿಟ್ಟರೆ ಅವರ ಖಿನ್ನತೆ ಹೋಗುವುದಿಲ್ಲ, ಅದರ ಮೇಲೆ ಸಾಲ ಕೂರುತ್ತದೆ. ಸಂಬಳದಷ್ಟೇ ಮುಖ್ಯವಾದ ಇನ್ನೊಂದು ನಿಮ್ಮ ಹತ್ತಿರ ಇದೆ, ಗಮನಿಸಿದ್ದೀರೋ ಇಲ್ಲವೋ. ನಿಮ್ಮ ಸಂಬಳದಲ್ಲಿ ಇಎಸ್‌ಐ, ಅಂದರೆ ಕಾರ್ಮಿಕರ ವಿಮೆ ಎಂದು 0.75 ಪರ್ಸೆಂಟ್ ಹಿಡಿಯುತ್ತಿದ್ದಾರೆ, ಫ್ಯಾಕ್ಟರಿಯವರು 3.25 ಪರ್ಸೆಂಟ್ ಕಟ್ಟುತ್ತಾರೆ. ಇಎಸ್‌ಐ ಲೆಕ್ಕದಲ್ಲಿ ನಿಮ್ಮ ಗಂಡ ನಿಮ್ಮ ಕುಟುಂಬದವರು. ಅವರ ಡಾಕ್ಟರ್ ಭೇಟಿ, ಬಿಪಿ ಮಾತ್ರೆ ನಿಮ್ಮ ಕಾರ್ಡಿನ ಮೇಲೆ ಸಿಗುತ್ತದೆ. ಗಾರ್ಮೆಂಟ್ಸ್ ಹೆಣ್ಣುಮಕ್ಕಳಲ್ಲಿ ತುಂಬ ಜನ ಇದು ತಮಗೆ ಮತ್ತು ಮಕ್ಕಳಿಗೆ ಮಾತ್ರ ಅಂದುಕೊಂಡಿರುತ್ತಾರೆ. ಗಂಡನ ಹೆಸರು, ಆಧಾರ್, ಫೋಟೋ ಸೇರಿದೆಯಾ ಎಂದು ಎಚ್‌ಆರ್ ಹತ್ತಿರ ಕೇಳಿ. ದೊಡ್ಡ ಚಿಕಿತ್ಸೆಗೆ ಇಂತಿಷ್ಟು ಕಾಲ ವಂತಿಗೆ ಕಟ್ಟಿರಬೇಕು ಎಂಬ ನಿಯಮವಿದೆ, ಕೆಲಸ ಬಿಟ್ಟರೆ ಅದೂ ಕೈತಪ್ಪುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆ ಚಿಕಿತ್ಸೆ ಇದೆ.

ಅಂಗವಿಕಲರ ಗುರುತಿನ ಚೀಟಿಗೂ, ಅಂದರೆ ಯುಡಿಐಡಿಗೂ ಅರ್ಜಿ ಹಾಕಿ. ವೈದ್ಯರು 40 ಪರ್ಸೆಂಟ್ ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಎಂದು ಬರೆದರೆ ಮಾಸಾಶನ, ರಿಯಾಯಿತಿ ಬಸ್ ಪಾಸಿಗೆ ಕೇಳಬಹುದು. ಮಾಸಾಶನಕ್ಕೆ ನಾಡಕಚೇರಿಗೆ ಹೋಗಬೇಕು. ಆದರೆ ಈ ವಾರ ಬೇಡ. ‘ನಾನೇನು ಅಂಗವಿಕಲನಾ?’ ಎಂದು ಕುಸಿದುಹೋದವರನ್ನು ನೋಡಿದ್ದೇನೆ. ಖಿನ್ನತೆಗೆ ಔಷಧಿ ಹಿಡಿದ ಮೇಲೆ ಮಾತೆತ್ತಿ, ಅರ್ಜಿಯನ್ನು ಅವರೇ ತುಂಬಲಿ. ಇದನ್ನು ಓದುತ್ತಿರುವ ಸರ್ಕಾರಿ ನೌಕರರ ಮನೆಯವರಿಗೂ ಒಂದು ಮಾತು: ಕೆಲಸದಲ್ಲಿರುವಾಗ ಅಂಗವೈಕಲ್ಯ ಬಂತು ಎಂದು ಸರ್ಕಾರಿ ಸಂಸ್ಥೆ ಯಾರನ್ನೂ ತೆಗೆದುಹಾಕುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದಿದೆ. ರಾಜೀನಾಮೆ ಬರೆದುಕೊಡುವ ಮೊದಲು ವಿಚಾರಿಸಿ.

ಈಗ ಕ್ಯಾಂಟರ್. ನಿಮ್ಮವರು ಅದನ್ನು ಮತ್ತೆ ಓಡಿಸುತ್ತಾರಾ ಎಂಬ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಿರಲಾರಿರಿ. ನಮ್ಮ ಗಾಡಿಗಳಲ್ಲಿ ಗೇರ್ ಎಡಗೈಗೆ, ಕ್ಲಚ್ ಎಡಗಾಲಿಗೆ. ಅವರಿಗೆ ಹೋಗಿರುವುದು ಅವೆರಡೇ. ತಟ್ಟೆಯ ಎಡಗಡೆ ಕಾಣದಿದ್ದರೆ ರಸ್ತೆಯ ಎಡಗಡೆ ನಡೆಯುವ ಮನುಷ್ಯನೂ ಕಾಣುವುದಿಲ್ಲ. ಲೋಡು ಗಾಡಿಯ ಲೈಸೆನ್ಸ್ ನವೀಕರಣಕ್ಕೆ ವೈದ್ಯರ ಸರ್ಟಿಫಿಕೇಟೂ ಬೇಕು. ಈಗಿನ ಸ್ಥಿತಿಯಲ್ಲಿ ಆಗದು ಎಂದೇ ನನ್ನ ಅಂದಾಜು. ಆದರೆ ಆ ಮಾತು ಪರೀಕ್ಷೆ ಮಾಡಿದ ಡಾಕ್ಟರಿಂದ ಬರಲಿ, ನಿಮ್ಮಿಂದ ಬೇಡ. ಕೇಳಿದ ದಿನ ಅವರು ಅತ್ತರೆ ಅಳಲಿ. ಕಿಟಕಿಯಾಚೆ ನಿಂತ ಗಾಡಿಯನ್ನು ನೋಡುತ್ತಾ ‘ನಾಳೆ, ನಾಳಿದ್ದು’ ಎಂದು ಕಾಯುವುದಕ್ಕಿಂತ ಅದು ಒಳ್ಳೆಯದು.

ಹಾಗೆಂದು ತಕ್ಷಣ ಮಾರಬೇಕಿಲ್ಲ. ಇಪ್ಪತ್ತು ವರ್ಷ ಗಾಡಿ ಇಟ್ಟವರಿಗೆ ಸ್ಟೇರಿಂಗ್ ಒಂದೇ ಕಸುಬಲ್ಲ. ಯಾವ ಮಂಡಿಯವರು ಸರಿಯಾಗಿ ಬಾಡಿಗೆ ಕೊಡುತ್ತಾರೆ, ಯಾವ ಕಡೆಯಿಂದ ವಾಪಸ್ ಲೋಡು ಸಿಗುತ್ತದೆ, ಲೀಟರಿಗೆ ಎಷ್ಟು ಓಡಬೇಕು, ಇದೆಲ್ಲ ಅವರ ತಲೆಯಲ್ಲಿದೆ. ಡ್ರೈವರ್ ಇಟ್ಟು, ಲೋಡು ಹಿಡಿಯುವುದು, ಡೀಸೆಲ್ ಲೆಕ್ಕ, ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್ ಅವರು ನೋಡಿಕೊಳ್ಳುವುದು ಒಂದು ದಾರಿ. ಅಪಾಯವೂ ಇದೆ. ಡ್ರೈವರ್ ಬಾಡಿಗೆ ಮುಚ್ಚಿಡಬಹುದು, ರಿಪೇರಿ ಬರಬಹುದು, ಸರಿಯಾದ ಲೈಸೆನ್ಸ್ ಇಲ್ಲದವನ ಕೈಗೆ ಕೊಟ್ಟು ಅಪಘಾತವಾದರೆ ಇನ್ಶೂರೆನ್ಸ್ ಕೂಡ ಕೈಕೊಡಬಹುದು. ಮೂರು ತಿಂಗಳು ಎಂದು ಗಡುವಿಟ್ಟು ಮಾಡಿ. ಕಂತು, ಡ್ರೈವರ್ ಸಂಬಳ, ಡೀಸೆಲ್ ಕಳೆದು ಕೈಯಲ್ಲಿ ಏನೂ ಉಳಿಯದಿದ್ದರೆ ಮಾರಿ ಸಾಲ ತೀರಿಸಿ. ನಡುವೆ ಇನ್ನೊಂದು ದಾರಿಯಿದೆ, ಪರಿಚಯದ ಗಾಡಿಯವರಿಗೆ ತಿಂಗಳಿಗೆ ಇಷ್ಟು ಎಂದು ಬಾಡಿಗೆಗೆ ಕೊಡುವುದು. ತಲೆನೋವು ಕಡಿಮೆ, ಆದರೆ ಅವರಿಗೆ ಕೆಲಸವೂ ಇರುವುದಿಲ್ಲ. ಏನೇ ಮಾಡಿದರೂ ನಿರ್ಧಾರ ಅವರ ಬಾಯಿಂದ ಬರಲಿ. ಭಾವ, ಮೈದುನ ಸೇರಿ ಅವರು ಮಲಗಿರುವಾಗ ಗಿರಾಕಿ ಕರೆತರುವುದು ಬೇಡ.

ಕಂತು ತಪ್ಪುವ ಮೊದಲೇ ಫೈನಾನ್ಸ್‌ನವರ ಹತ್ತಿರ ಮಾತಾಡಿ. ಸಾಲ ಕೊಡುವಾಗ ಎಷ್ಟೋ ಸಲ ಸಾಲಗಾರರ ಹೆಸರಿಗೆ ಇನ್ಶೂರೆನ್ಸ್ ಮಾಡಿಸಿರುತ್ತಾರೆ. ಇದ್ದರೆ ಆ ಕಾಗದ ತೆಗೆದು, ಸಾವಿಗೆ ಮಾತ್ರವೋ ಗಂಭೀರ ಕಾಯಿಲೆಗೂ ಇದೆಯೋ ಓದಿಸಿ. ಕೆಲವು ಪಾಲಿಸಿಗಳಲ್ಲಿ ಸ್ಟ್ರೋಕ್ ಸೇರಿರುತ್ತದೆ.

ಮಗ ಗಾಡಿ ಹತ್ತುವ ಮಾತಿಗೆ ಉತ್ತರ ಕಾನೂನಿನಲ್ಲೇ ಇದೆ. ಲೋಡು ಗಾಡಿ ಓಡಿಸಲು 20 ವರ್ಷ ತುಂಬಿರಬೇಕು. ಆದರೆ ಅವನಿಗೆ ಕಾನೂನು ಹೇಳಿ ಸುಮ್ಮನಿರಿಸಬೇಡಿ. ಅಪ್ಪ ಬಿದ್ದ ಜಾಗದಲ್ಲಿ ಗಂಡುಮಗ ನಿಲ್ಲಬೇಕು ಎಂದು ಅವನ ತಲೆಯಲ್ಲೂ ಕೂತಿದೆ. ‘ಅಪ್ಪ ಬಿದ್ದಿಲ್ಲ, ಕೆಲಸ ಬದಲಾಗಿದೆ’ ಎಂದು ಅವನಿಗೆ ಕಾಣಬೇಕು. ಭಾನುವಾರ ಅಪ್ಪನ ಜತೆ ಕೂತು ಗಾಡಿಯ ಲೆಕ್ಕ ಬರೆಯಲಿ, ಪರೀಕ್ಷೆ ಮುಗಿಸಲಿ.

ಗಂಡ ಹೆಂಡತಿಯ ವಿಷಯವನ್ನು ಧೈರ್ಯ ಮಾಡಿ ಕೇಳಿದ್ದೀರಿ, ಒಳ್ಳೆಯದಾಯಿತು. ಬಿಪಿ ಹತೋಟಿಯಲ್ಲಿದ್ದು ಡಾಕ್ಟರು ಸರಿ ಎಂದರೆ ಒಟ್ಟಿಗೆ ಇರುವುದರಿಂದ ಮತ್ತೆ ಸ್ಟ್ರೋಕ್ ಆಗುವ ಭಯ ಬೇಡ, ಆ ಅಪಾಯ ತೀರಾ ಕಡಿಮೆ. ಮೊದಮೊದಲು ಅವರಿಗೆ ಆಗದಿರಬಹುದು. ಅದಕ್ಕೆ ಸುಸ್ತು, ಖಿನ್ನತೆ, ಕೆಲವು ಬಿಪಿ ಮಾತ್ರೆಗಳು ಕಾರಣವಿರುತ್ತವೆ. ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ಹೀಗಾಗುವುದುಂಟು. ಡಾಕ್ಟರಿಗೆ ಹೇಳಿದರೆ ಮಾತ್ರೆ ಬದಲಿಸಿ ನೋಡುತ್ತಾರೆ. ಹೇಳದೆ ತಾವೇ ಮಾತ್ರೆ ಬಿಡುವವರೇ ಜಾಸ್ತಿ, ಅದು ಅಪಾಯ. ಮೆಡಿಕಲ್ ಸ್ಟೋರಿನಿಂದ ಗುಟ್ಟಾಗಿ ‘ಶಕ್ತಿ ಮಾತ್ರೆ’ ತರುವುದು ಇನ್ನೂ ಅಪಾಯ. ಎದೆನೋವಿಗೆ ಕೊಡುವ ಕೆಲವು ಮಾತ್ರೆಗಳ ಜತೆ ಅದು ಸೇರಿದರೆ ಬಿಪಿ ಒಮ್ಮೆಲೇ ಕುಸಿದು ಜೀವಕ್ಕೇ ಅಪಾಯ ಬರುತ್ತದೆ. ಇದೆಲ್ಲಕ್ಕಿಂತ ಮೊದಲು ಒಂದು ಕೇಳುತ್ತೇನೆ. ರಾತ್ರಿ ನೀವು ಎಲ್ಲಿ ಮಲಗುತ್ತೀರಿ? ಹೆಚ್ಚಿನ ಮನೆಗಳಲ್ಲಿ ಗಂಡನ ಮಂಚ ಹಾಲಿಗೆ ಬಂದಿರುತ್ತದೆ, ಹೆಂಡತಿ ಮಗಳ ಜತೆ ಒಳಗೆ ಚಾಪೆ ಹಾಸಿರುತ್ತಾಳೆ. ಆಸ್ಪತ್ರೆಯಿಂದ ಬಂದ ವಾರದಲ್ಲಿ ಅದು ಅನುಕೂಲಕ್ಕೆ ಮಾಡಿದ್ದು, ಆಮೇಲೆ ಹಾಗೇ ಉಳಿದುಬಿಟ್ಟಿರುತ್ತದೆ. ನಡೆಯುತ್ತಾರಲ್ಲ, ಮಂಚವನ್ನು ಮತ್ತೆ ಕೋಣೆಗೆ ಹಾಕಿ. ಪಕ್ಕದಲ್ಲಿ ಮಲಗಿದರೆ ಸದ್ಯಕ್ಕೆ ಸಾಕು.

ತಟ್ಟೆ ಎಸೆದದ್ದನ್ನು ಮರೆತಿಲ್ಲ. ಕಾಯಿಲೆಯಿಂದ ಸಿಟ್ಟು ಬರುತ್ತದೆ ಎಂದು ನಾನು ಹೇಳಿದ್ದು, ನೀವು ಏಟು ತಿನ್ನಬೇಕು ಎಂದಲ್ಲ. ರೇಗಿದಾಗ ವಾದ ಮಾಡದೆ ಆಚೆ ಹೋಗಿ, ಹತ್ತು ನಿಮಿಷ ಬಿಟ್ಟು ಬನ್ನಿ. ಕೈ ಎತ್ತಿದರೆ ಅದನ್ನು ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಭಯವಾದರೆ 181 ಮಹಿಳಾ ಸಹಾಯವಾಣಿ, 112 ತುರ್ತು ಸಂಖ್ಯೆ.

ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಮಗ ಬಿದ್ದದ್ದು ಕಾಣುತ್ತಿದೆ, ಯಾಕೆ ಎಂದು ಗೊತ್ತಾಗುತ್ತಿಲ್ಲ, ಎದುರಿಗಿದ್ದ ಬ್ಯಾಗಿನ ಮೇಲೆ ಹೊರಿಸಿದ್ದಾರೆ. ಆಸ್ಪತ್ರೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಮಗನ ಮಿದುಳಿನ ಸ್ಕ್ಯಾನ್ ತೋರಿಸಿ ಡಾಕ್ಟರು ಎರಡು ಮಾತು ಹೇಳಿದರೆ ಮನೆಗೆ ಬಂದ ಮೇಲಿನ ಮಾತು ಬೇರೆಯಾಗುತ್ತದೆ.

ಬರುವ ಮಂಗಳವಾರ ಫ್ಯಾಕ್ಟರಿಗೆ ರಜೆ ಹಾಕಿ. ಸ್ಕ್ಯಾನ್, ಡಿಸ್ಚಾರ್ಜ್ ಚೀಟಿ, ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಳ್ಳಿ. ಹಿಂದಿನ ರಾತ್ರಿಯೇ ಲೆಕ್ಕ ಬರೆದು, ಅವರ ಪಾಲಿನ ದುಡ್ಡು ಅವರ ಅಂಗಿ ಜೇಬಿನಲ್ಲಿರಲಿ. ಆಟೋದವರಿಗೆ ಬಾಡಿಗೆ ಅವರೇ ಕೊಡಲಿ.